ವಿಷಯ: ನಮ್ಮ ಟೇಬಲ್‌ಗಳ ಓನರ್ ಬದಲಾಯಿಸಿ ನಮ್ಮನ್ನೇ ಹೊರಗೆ ಹಾಕಿದ್ದರ ಬಗ್ಗೆ ದೂರು

ಡೇಟಾಬೇಸ್ ಸಪೋರ್ಟ್ ಮ್ಯಾನೇಜರ್ ಅವರಿಗೆ,

ಫೋನಲ್ಲಿ ಮರ್ಯಾದೆಯಾಗಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಬರೀತಿದೀನಿ. ಪೀಣ್ಯದಲ್ಲಿರೋ ನಮ್ಮ ಫ್ಯಾಕ್ಟರಿ ಬಿಲ್ಲಿಂಗ್ ಎಲ್ಲಾ ನಿಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್ ಮೇಲೇ ನಡೆಯೋದು. ಮೇಂಟೆನೆನ್ಸ್ ಅಂತ ರಾತ್ರೋರಾತ್ರಿ ನಿಮ್ಮೋರು 'ಆಲ್ಟರ್ ಟೇಬಲ್ ಓನರ್ ಟು' ಅನ್ನೋ ಕಮಾಂಡ್ ಹೊಡೆದು ನಮ್ಮ ಟೇಬಲ್‌ಗಳನ್ನ ನಿಮ್ಮ ಅಡ್ಮಿನ್ ರೋಲ್ (ಡೇಟಾಬೇಸ್ ಖಾತೆ) ಹೆಸರಿಗೆ ಮಾಡ್ಕೊಂಡ್ರು. ಓನರ್ ಬದಲಾದ್ರೆ ಹಳೇ ಓನರಿಗಿದ್ದ ಹಕ್ಕೆಲ್ಲ ಹೊಸಬರಿಗೆ ಹೋಗತ್ತೆ, ಬೇರೆಯವರಿಗೆ ಕೊಟ್ಟಿದ್ದ ಗ್ರ್ಯಾಂಟ್ (ಅನುಮತಿ) ಮಾತ್ರ ಉಳಿಯತ್ತೆ ಅಂತ ನಿಮಗೆ ನಾನು ಹೇಳಿಕೊಡಬೇಕಾ? ಬೆಳಗ್ಗೆ ನೋಡಿದ್ರೆ ಆಡಿಟರ್‌ಗೆ ಕೊಟ್ಟಿದ್ದ ರೀಡ್-ಓನ್ಲಿ ಲಾಗಿನ್ ಆರಾಮಾಗಿ ಟೇಬಲ್ ಓದ್ತಿದೆ, ಹಳೇ ಓನರ್ ರೋಲಲ್ಲೇ ಲಾಗಿನ್ ಆಗೋ ನಮ್ಮ ಅಪ್ಲಿಕೇಶನ್‌ಗೆ 'ಪರ್ಮಿಷನ್ ಡಿನೈಡ್'. ವ್ಯೂಗಳು (ಟೇಬಲ್‌ಗಳಿಂದ ರಿಪೋರ್ಟಿಗೆ ಡೇಟಾ ಎತ್ತಿಕೊಡೋ ಸೇವ್ ಮಾಡಿದ ಕ್ವೆರಿಗಳು) ಹಳೇ ಓನರ್ ಹೆಸರಲ್ಲೇ ಇದ್ವಲ್ಲ, ಅವರ ಹಕ್ಕಲ್ಲೇ ಓಡೋದು, ಹಾಗಾಗಿ ರಿಪೋರ್ಟ್‌ಗಳೂ ಮಲಗಿದ್ವು. ಇನ್‌ವಾಯ್ಸ್ ಇಲ್ಲ, ಇ-ವೇ ಬಿಲ್ ಇಲ್ಲ, ಲೋಡಾದ ಲಾರಿ ಗೇಟಲ್ಲಿ.

ನಿಮ್ಮ ಸಪೋರ್ಟ್ ಹುಡುಗ ಫೋನ್ ಎತ್ತಿ ಮೊದಲು ಕೇಳಿದ್ದು, "ಮೇಡಂ, ಪಾಸ್‌ವರ್ಡ್ ಸರಿಯಾಗಿ ಹಾಕ್ತಿದೀರಾ?" ಲಾಗಿನ್ ಆಗ್ತಿದೆ ಕಣಪ್ಪ, ಟೇಬಲ್ ಓದೋಕೆ ಬಿಡ್ತಿಲ್ಲ ಅಂದೆ. "ಕ್ಯಾಪ್ಸ್ ಲಾಕ್ ನೋಡಿ ಮೇಡಂ." ಏನ್ಮಾಡೋದು, ನೋಡ್ದೆ. ಆಮೇಲೆ ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡ್ಸಿದ್ರು. ಇದಕ್ಕೂ ಬ್ರೌಸರಿಗೂ ಏನು ಸಂಬಂಧ ಅಂದಿದ್ದಕ್ಕೆ ಮ್ಯೂಸಿಕ್ ಹಾಕಿ ಕೂರ್ಸಿ, ವಾಪಸ್ ಬಂದು, "ಅಲ್ಲಿ ಟೆಕ್ನಿಕಲ್ ಗೊತ್ತಿರೋ ಸರ್ ಯಾರಾದ್ರೂ ಇದ್ರೆ ಫೋನ್ ಕೊಡಿ ಮೇಡಂ" ಅಂದ್ರು. ಸ್ಪೀಕರ್ ಆನ್ ಇತ್ತು. ಸ್ಟೋರ್ಸ್‌ನವರು, ಡಿಸ್ಪ್ಯಾಚ್‌ನವರು, ನಮ್ಮ ಓನರ್ (ಫ್ಯಾಕ್ಟರಿ ಓನರ್, ಅವರನ್ನಿನ್ನೂ ನೀವು ಬದಲಾಯಿಸಿಲ್ಲ), ಎಲ್ರೂ ಕೇಳಿಸ್ಕೊಂಡ್ರು, ಒಬ್ಬ ನಕ್ಕೂಬಿಟ್ಟ. ಆ ಡೇಟಾಬೇಸ್ ಡಿಸೈನ್ ಮಾಡಿದ್ದೇ ನಾನು ಸ್ವಾಮಿ.

ಸಂಜೆ ನಮ್ಮ ರೋಲ್‌ಗೆ 'ಗ್ರ್ಯಾಂಟ್ ಆಲ್' (ಓದೋದು, ಬರೆಯೋದು ಎಲ್ಲದಕ್ಕೂ ಅನುಮತಿ) ಕೊಟ್ಟು ಟಿಕೆಟ್‌ಗೆ 'ರಿಸಾಲ್ವ್ಡ್' ಅಂತ ಹಾಕಿದ್ರಿ. ಬಹಳ ಉಪಕಾರ ಆಯ್ತು. ಗ್ರ್ಯಾಂಟ್ ಎಷ್ಟಿದ್ರೂ ಕಾಲಮ್ ಸೇರಿಸೋಕೆ, ಇಂಡೆಕ್ಸ್ ಹಾಕೋಕೆ, ಪಾರ್ಟಿಷನ್ (ತಿಂಗಳಿಗೊಂದರಂತೆ ಟೇಬಲ್ಲಿನ ಭಾಗ) ಮಾಡೋಕೆ ಓನರೇ ಆಗ್ಬೇಕಲ್ವಾ? ಒಂದನೇ ತಾರೀಖು ಹೊಸ ತಿಂಗಳ ಪಾರ್ಟಿಷನ್ ಹುಟ್ಲಿಲ್ಲ, ಬಿಲ್ಲಿಂಗ್ ಮತ್ತೆ ನಿಂತೋಯ್ತು, ಫೋನ್ ಮಾಡಿದ್ರೆ ಟಿಕೆಟ್ ಕ್ಲೋಸ್ ಆಗಿದೆ ಮೇಡಂ, ಹೊಸದಾಗಿ ರೈಸ್ ಮಾಡಿ ಅಂತೀರಾ.

ಶುಕ್ರವಾರದೊಳಗೆ ಪ್ರತಿ ಟೇಬಲ್ಲೂ ನಮ್ಮ ರೋಲ್ ಹೆಸರಿಗೆ ವಾಪಸ್ ಬರ್ಬೇಕು, ಯಾರು ಯಾಕೆ ಬದಲಾಯಿಸಿದ್ರು ಅಂತ ಬರವಣಿಗೇಲಿ ಕೊಡ್ಬೇಕು. ಇಲ್ಲಾಂದ್ರೆ ವಕೀಲರ ನೋಟಿಸ್ ಬರತ್ತೆ, ರಿನ್ಯೂವಲ್ ದುಡ್ಡು ಬರಲ್ಲ. ನಿಮ್ಮ ಗ್ರ್ಯಾಂಟ್ ಆಲ್ ಪುಣ್ಯದಿಂದ ಓದೋ ಹಕ್ಕಂತೂ ಇದೆ, ಪಿಜಿ-ಡಂಪ್‌ನಲ್ಲಿ ಬ್ಯಾಕಪ್ ಆಗಲೇ ತಗೊಂಡಿದೀನಿ, ಓನರ್ ಹೆಸರು ಜೊತೆಗೆ ಬರದ ಹಾಗೆ 'ನೋ-ಓನರ್' ಆಪ್ಷನ್ ಹಾಕಿ.