ಚಿಮಣಿ ಕಲಿಸಿದ ಪಾಠ ಇಷ್ಟು ಬೇಗ ಮರೆತೆವಾ?

ಸಂಪಾದಕರಿಗೆ ನಮಸ್ಕಾರ.

2023ರ ಜೂನ್ 15ರಂದು ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿ ಕೆಡವಿದ್ದು ಸೊಲ್ಲಾಪುರದವರು ಯಾರೂ ಮರೆತಿಲ್ಲ. ಸುಮಾರು 90 ಮೀಟರ್ ಎತ್ತರ. ಸೊಲ್ಲಾಪುರ ನಿಲ್ದಾಣಕ್ಕೆ ಬರುವ ವಿಮಾನಕ್ಕೆ ಅಡ್ಡ ಅಂತ ವರ್ಷಗಟ್ಟಲೆ ತಕರಾರು ನಡೆದು, ಕೊನೆಗೆ ಕೆಲವೇ ಸೆಕೆಂಡಿನಲ್ಲಿ ಮಲಗಿತು. ಕಬ್ಬು ಬೆಳೆಯುವ ನಮಗೆ ಹೊಟ್ಟೆ ಉರಿಯಿತು, ಆ ಮಾತು ಬೇರೆ. 2025ರ ಜೂನ್‌ನಲ್ಲಿ ಇಲ್ಲಿಂದ ಗೋವಾಕ್ಕೆ ವಿಮಾನವೂ ಶುರುವಾಯಿತು.

ಮೊನ್ನೆ ತಮ್ಮನ ಜೊತೆ ವಿಮಾನ ನಿಲ್ದಾಣದ ಹತ್ತಿರ ಹೊಟಗಿ ಕಡೆ ಪ್ಲಾಟ್ ನೋಡಲು ಹೋಗಿದ್ದೆ. ಜೋಳದ ಹೊಲದಲ್ಲಿ ಸುಣ್ಣದ ಗೆರೆ, ಮೂಲೆಗೊಂದು ಬಣ್ಣ ಬಳಿದ ಕಲ್ಲು. ‘ಎಷ್ಟು ಮಹಡಿ ಕಟ್ಟಬಹುದು?’ ಎಂದೆ. ‘ನಿಮಗ ಎಷ್ಟ ಬೇಕೋ ಅಷ್ಟ ಕಟ್ರಿ ಸಾಹೇಬ್ರ’ ಎಂದ ಏಜೆಂಟ್. ಹಾಗಿರೋದಿಲ್ಲ ಅಲ್ವಾ? ವಿಮಾನ ನಿಲ್ದಾಣದ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇದೆ. ಅದನ್ನು ಲೆಕ್ಕ ಹಾಕುವುದು ಸಮುದ್ರ ಮಟ್ಟದಿಂದ, ನಮ್ಮ ಅಂಗಳದಿಂದಲ್ಲ. ದಿಬ್ಬದ ಮೇಲಿನ ಪ್ಲಾಟಿಗೆ ಮಹಡಿ ಕಡಿಮೆ, ತಗ್ಗಿನದಕ್ಕೆ ಜಾಸ್ತಿ. ಇದನ್ನು ಕೊಳ್ಳುವವನಿಗೆ ಯಾರು ಹೇಳುತ್ತಾರೆ?

ನಿಲ್ದಾಣದಿಂದ 10 ಕಿ.ಮೀ. ಒಳಗೆ ಬಯಲಲ್ಲಿ ಕಸ ಸುರಿಯುವಂತಿಲ್ಲ ಎಂಬ ನಿಯಮವೂ ಇದೆ. ಕಸ ಇದ್ದಲ್ಲಿ ಹದ್ದು ಬರುತ್ತದೆ, ಹದ್ದು ಎಂಜಿನ್ನಿಗೆ ಸಿಕ್ಕರೆ ಕಷ್ಟ. ಆದರೂ ರಸ್ತೆ ಬದಿ ಕೋಳಿ ಪುಕ್ಕದ ಚೀಲ ಬಿದ್ದಿರುತ್ತವೆ.

ಎತ್ತರದ ಮಿತಿ ತೋರಿಸುವ ಬಣ್ಣದ ನಕಾಶೆಯನ್ನು ಸುತ್ತಲಿನ ಪ್ರತಿ ಗ್ರಾಮ ಪಂಚಾಯ್ತಿ ಗೋಡೆಗೆ ಹಚ್ಚಲಿ. ಮರಾಠಿ ಜೊತೆ ಕನ್ನಡದಲ್ಲೂ ಇರಲಿ. ಲೇಔಟ್‌ಗೆ ಮಂಜೂರಾತಿ ಕೊಡುವಾಗಲೇ ಪ್ರತಿ ಪ್ಲಾಟಿನ ಮಿತಿ ಕಾಗದದಲ್ಲಿ ಬರೆಯಲಿ. ತಮ್ಮ ಸದ್ಯ ಮುಂಗಡ ಕೊಟ್ಟಿಲ್ಲ.

— ಒಬ್ಬ ರೈತ, ದಕ್ಷಿಣ ಸೊಲ್ಲಾಪುರ ತಾಲೂಕು