ಸಿನಾಪ್ಸ್‌ಗಳು ಹೆಚ್ಚಿದರಷ್ಟೇ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳ ಆರೋಗ್ಯ ಪುರವಣಿಗಳಲ್ಲಿ ಮಿದುಳಿನ ಕುರಿತು ಬರುವ ಲೇಖನಗಳನ್ನು ಓದುವಾಗ ಒಂದು ಮಾತು ಪದೇ ಪದೇ ಎದುರಾಗುತ್ತದೆ: ನರಕೋಶಗಳ ನಡುವಿನ ಸಂಪರ್ಕಗಳು ಹೆಚ್ಚಿದಷ್ಟೂ ಬುದ್ಧಿ ಚುರುಕಾಗುತ್ತದೆ, ಆದ್ದರಿಂದ ಅವನ್ನು ಹೆಚ್ಚಿಸಿಕೊಳ್ಳುವ ದಾರಿ ಹುಡುಕಬೇಕು ಎಂಬುದು. ಇದು ಅರ್ಧ ಸತ್ಯ. ಉಳಿದರ್ಧವನ್ನು ಹೇಳದೆ ಬಿಟ್ಟರೆ ಮಿದುಳಿನ ಅನೇಕ ತೊಂದರೆಗಳ ಬಗ್ಗೆ ಓದುಗರಲ್ಲಿ ತಪ್ಪು ತಿಳಿವಳಿಕೆ ಬೇರೂರುತ್ತದೆ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ತಾಣವೇ ಸಿನಾಪ್ಸ್. ಬಹುಪಾಲು ಸಿನಾಪ್ಸ್‌ಗಳಲ್ಲಿ ಎರಡು ಕೋಶಗಳು ಪರಸ್ಪರ ಮುಟ್ಟುವುದಿಲ್ಲ; ನಡುವೆ ಸುಮಾರು 20 ನ್ಯಾನೊಮೀಟರಿನಷ್ಟು ತೆರಪಿರುತ್ತದೆ. ಈಚೆಯ ಕೋಶದ ತುದಿಗೆ ವಿದ್ಯುತ್ ಸಂಕೇತ ತಲುಪಿದಾಗ ಒಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಅಲ್ಲಿ ಸಿದ್ಧವಾಗಿರುವ ಸೂಕ್ಷ್ಮ ಕೋಶಿಕೆಗಳು ಕೋಶಪೊರೆಯೊಂದಿಗೆ ಬೆಸೆದು ರಾಸಾಯನಿಕವನ್ನು ತೆರಪಿಗೆ ಸುರಿಯುತ್ತವೆ, ಆಚೆಯ ಕೋಶದ ಮೇಲಿರುವ ಗ್ರಾಹಕಗಳು ಅದನ್ನು ಹಿಡಿದುಕೊಳ್ಳುತ್ತವೆ. ವಯಸ್ಕರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದು, ಸಿನಾಪ್ಸ್‌ಗಳ ಸಂಖ್ಯೆ ನೂರು ಲಕ್ಷ ಕೋಟಿಯಷ್ಟೋ ಅದಕ್ಕೂ ಹೆಚ್ಚೋ ಇರಬಹುದೆಂಬ ಅಂದಾಜಿದೆ.

ಈ ತಾಣಗಳು ಸ್ಥಿರವಾಗಿರುವುದಿಲ್ಲ ಎಂಬುದೇ ಇಡೀ ವಿಷಯದ ತಿರುಳು. ಜೊತೆಯಾಗಿ ಚುರುಕುಗೊಳ್ಳುವ ಕೋಶಗಳ ನಡುವಿನ ನಂಟು ಬಲಗೊಳ್ಳುತ್ತದೆಂದು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲೇ ಊಹಿಸಿದ್ದರು. ಮೊಲಗಳ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಕ್ಷಿಪ್ರ ವಿದ್ಯುತ್ ಪ್ರಚೋದನೆಯ ನಂತರ ಸಿನಾಪ್ಸ್‌ಗಳು ಗಂಟೆಗಟ್ಟಲೆ ಬಲವಾಗಿಯೇ ಉಳಿಯುವುದನ್ನು ಟಿಮ್ ಬ್ಲಿಸ್ ಮತ್ತು ಟೆರಿಯೆ ಲೋಮೊ 1973ರಲ್ಲಿ ಪ್ರಕಟಿಸಿದರು. ಇದರ ಹಿಂದಿನ ಏರ್ಪಾಡು ನಿಜಕ್ಕೂ ಸೊಗಸಾದದ್ದು. ಆಚೆಯ ಕೋಶದಲ್ಲಿರುವ ಎನ್‌ಎಂಡಿಎ ಎಂಬ ಗ್ರಾಹಕದ ದ್ವಾರಕ್ಕೆ ಸಾಮಾನ್ಯ ಸ್ಥಿತಿಯಲ್ಲಿ ಮೆಗ್ನೀಸಿಯಂ ಅಯಾನು ಅಡ್ಡವಾಗಿ ಕುಳಿತಿರುತ್ತದೆ. ಈಚೆಯಿಂದ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಬಂದ ಮಾತ್ರಕ್ಕೆ ಆ ದ್ವಾರ ತೆರೆಯದು. ಅದೇ ಹೊತ್ತಿಗೆ ಆಚೆಯ ಕೋಶವೂ ಸಾಕಷ್ಟು ಉದ್ದೀಪನಗೊಂಡಿದ್ದರೆ ಮಾತ್ರ ಮೆಗ್ನೀಸಿಯಂ ಸರಿದು ಕ್ಯಾಲ್ಸಿಯಂಗೆ ದಾರಿ ಸಿಗುತ್ತದೆ. ಕ್ಯಾಲ್ಸಿಯಂ ಜೋರಾಗಿ ನುಗ್ಗಿದರೆ ಆಂಪಾ ಎಂಬ ಇನ್ನೊಂದು ಬಗೆಯ ಗ್ರಾಹಕಗಳು ಹೆಚ್ಚಿನ ಸಂಖ್ಯೆಯಲ್ಲಿ ಮೇಲ್ಮೈಗೆ ಬಂದು ಸಿನಾಪ್ಸ್ ಬಲಗೊಳ್ಳುತ್ತದೆ. ಅಲ್ಪ ಪ್ರಮಾಣದಲ್ಲಿ, ನಿಧಾನವಾಗಿ ಬಂದರೆ ಅವೇ ಗ್ರಾಹಕಗಳು ಒಳಸರಿದು ಸಿನಾಪ್ಸ್ ದುರ್ಬಲವಾಗುತ್ತದೆ. ಬಲಗೊಳಿಸುವುದಕ್ಕೂ ಕುಗ್ಗಿಸುವುದಕ್ಕೂ ಬಾಗಿಲು ಒಂದೇ.

ಕುಗ್ಗಿಸುವುದಷ್ಟೇ ಅಲ್ಲ, ಸಿನಾಪ್ಸ್‌ಗಳನ್ನು ಪೂರ್ತಿಯಾಗಿ ತೆಗೆದುಹಾಕುವುದೂ ಮಿದುಳಿನ ಸಹಜ ಕೆಲಸ. ಪೀಟರ್ ಹಟನ್‌ಲಾಕರ್ 1979ರಲ್ಲಿ ಮಾನವ ಮಿದುಳಿನ ಮುಂಭಾಗದ ಅಂಗಾಂಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಎಣಿಸಿದಾಗ, ಸಿನಾಪ್ಸ್‌ಗಳ ಸಾಂದ್ರತೆ ಒಂದೆರಡು ವರ್ಷದ ಮಗುವಿನಲ್ಲಿ ಉತ್ತುಂಗಕ್ಕೇರಿ ವಯಸ್ಕರಿಗಿಂತ ಸುಮಾರು ಶೇ 50ರಷ್ಟು ಹೆಚ್ಚಿರುವುದು ಕಂಡುಬಂತು. ಹರೆಯ ಕಳೆಯುವ ಹೊತ್ತಿಗೆ ಆ ಹೆಚ್ಚುವರಿ ಇಲ್ಲವಾಗಿರುತ್ತದೆ. ಆ ವರ್ಷಗಳಲ್ಲಿ ಯಾರೂ ದಡ್ಡರಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಬರೆದದ್ದರಲ್ಲಿ ಬೇಡವಾದದ್ದನ್ನು ಕತ್ತರಿಸಿದಾಗಲೇ ಬರಹ ಬಿಗಿಯಾಗುತ್ತದೆ ಎಂಬುದನ್ನು ಸಂಪಾದಕರಿಗೆ ನಾನು ವಿವರಿಸಬೇಕಿಲ್ಲ.

ಈ ಕತ್ತರಿಸುವ ಕೆಲಸದಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾತ್ರವಿದೆ ಎಂಬುದು ಈಚಿನ ಎರಡು ದಶಕಗಳ ಬಹುಮುಖ್ಯ ಅರಿವು. ಬ್ಯಾಕ್ಟೀರಿಯಾಗಳಿಗೆ ಗುರುತು ಹಚ್ಚುವ ಕಾಂಪ್ಲಿಮೆಂಟ್ ಪ್ರೋಟೀನುಗಳೇ ಎಳೆಯ ಮಿದುಳಿನಲ್ಲಿ ಕೆಲವು ಸಿನಾಪ್ಸ್‌ಗಳ ನಿವಾರಣೆಗೆ ಅಗತ್ಯವೆಂದು ಬೆತ್ ಸ್ಟೀವನ್ಸ್, ಬೆನ್ ಬಾರೆಸ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಹಾಗೆ ಗುರುತಾದವನ್ನು ಮೈಕ್ರೊಗ್ಲಿಯಾ ಎಂಬ ಕೋಶಗಳು ನುಂಗುತ್ತವೆ. ಇದೇ ಕುಟುಂಬದ ಸಿ4 ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುವ ಜೀನ್ ರೂಪಗಳಿರುವವರಲ್ಲಿ ಸ್ಕಿಜೋಫ್ರೇನಿಯಾದ ಸಾಧ್ಯತೆ ತುಸು ಹೆಚ್ಚೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹದಿವಯಸ್ಸಿನ ಕೊನೆಗೆ ಇಲ್ಲವೇ ತಾರುಣ್ಯದ ಆರಂಭದಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುವುದೇಕೆ ಎಂಬ ಹಳೆಯ ಪ್ರಶ್ನೆಗೆ, ಆ ವಯಸ್ಸಿನ ಕತ್ತರಿಸುವಿಕೆ ಅತಿಯಾಗುವುದು ಕಾರಣವಿರಬಹುದೆಂಬ ಈ ಸುಳಿವು ಉತ್ತರದ ಒಂದು ಎಳೆ. ಆದರೆ ಎಳೆ ಮಾತ್ರ. ಜೀನ್ ನೋಡಿ ಕಾಯಿಲೆ ಬರುವುದನ್ನು ಹೇಳುವ ಪರೀಕ್ಷೆ ಇದರಿಂದ ಹುಟ್ಟಿಲ್ಲ.

ವಿರುದ್ಧ ದಿಕ್ಕಿನ ಉದಾಹರಣೆಗಳೂ ಇವೆ. ಆಟಿಸಂ ಇದ್ದ ಕೆಲವರ ಮಿದುಳನ್ನು ಮರಣಾನಂತರ ಪರೀಕ್ಷಿಸಿದಾಗ ಸಿನಾಪ್ಸ್‌ಗಳಿಗೆ ನೆಲೆಯಾಗುವ ಪುಟ್ಟ ಮುಳ್ಳಿನಂಥ ರಚನೆಗಳು ನಿರೀಕ್ಷೆಗಿಂತ ಹೆಚ್ಚು ಉಳಿದಿದ್ದವು. ಬೌದ್ಧಿಕ ಬೆಳವಣಿಗೆಯನ್ನು ಕುಂಠಿಸುವ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಸ್ಥಿತಿಯಲ್ಲಿ, ಸಿನಾಪ್ಸ್ ಬಳಿ ಪ್ರೋಟೀನ್ ತಯಾರಿಕೆಗೆ ಕಡಿವಾಣ ಹಾಕುವ ಒಂದು ಪ್ರೋಟೀನೇ ಇಲ್ಲವಾಗಿ, ಆ ರಚನೆಗಳು ಬಲಿಯದೆ ಉದ್ದವಾಗಿ ಸಪೂರವಾಗಿ ಉಳಿಯುತ್ತವೆ. ಹೆಚ್ಚು ಸಂಪರ್ಕವೆಂದರೆ ಹೆಚ್ಚು ಬುದ್ಧಿ ಎನ್ನುವವರು ಇದಕ್ಕೇನು ಹೇಳುತ್ತಾರೋ ತಿಳಿಯದು.

ಆಲ್‌ಝೈಮರ್ ವಿಚಾರದಲ್ಲಿ, ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳ ಕುರಿತ ಸುದ್ದಿಯೇ ಹೆಚ್ಚು. ಆದರೆ ರೋಗಿಯ ನೆನಪು ಮತ್ತು ಆಲೋಚನೆ ಎಷ್ಟು ಕುಸಿದಿದೆ ಎಂಬುದಕ್ಕೆ ಆ ಗಂಟುಗಳ ಲೆಕ್ಕಕ್ಕಿಂತ ನಷ್ಟವಾದ ಸಿನಾಪ್ಸ್‌ಗಳ ಲೆಕ್ಕವೇ ಹೆಚ್ಚು ಹೊಂದುತ್ತದೆಂದು 1990ರ ದಶಕದಿಂದಲೇ ತಿಳಿದಿದೆ. ಇದು ಸಾಮಾನ್ಯ ವರದಿಗಳಲ್ಲಿ ಬರುವುದೇ ಅಪರೂಪ.

ಇನ್ನೊಂದು ಕಾಯಿಲೆಯನ್ನು ತಮ್ಮ ಪತ್ರಿಕೆ ಪ್ರತ್ಯೇಕವಾಗಿ ಪರಿಚಯಿಸಬೇಕೆಂದು ಕೋರುತ್ತೇನೆ. ಯೋಸೆಪ್ ದಾಲ್ಮಾವು ಮತ್ತು ಸಂಗಡಿಗರು 2007ರಲ್ಲಿ ವಿವರಿಸಿದ ಮಿದುಳಿನ ಒಂದು ಉರಿಯೂತದಲ್ಲಿ, ಶರೀರವೇ ತಯಾರಿಸಿದ ಪ್ರತಿಕಾಯಗಳು ಮೇಲೆ ಹೇಳಿದ ಎನ್‌ಎಂಡಿಎ ಗ್ರಾಹಕಗಳಿಗೆ ಅಂಟಿಕೊಂಡು ಅವು ಸಿನಾಪ್ಸ್‌ನಿಂದ ಮರೆಯಾಗುವಂತೆ ಮಾಡುತ್ತವೆ. ರೋಗಿಗಳಲ್ಲಿ ಯುವತಿಯರೇ ಹೆಚ್ಚು. ಕೆಲವೇ ದಿನಗಳಲ್ಲಿ ಭ್ರಮೆ, ಅಸಂಬದ್ಧ ಮಾತು, ನಿದ್ರಾಹೀನತೆ, ಆಮೇಲೆ ಸೆಳೆತ ಕಾಣಿಸಿಕೊಳ್ಳುವುದರಿಂದ ಮೊದಲಿಗೆ ಇದನ್ನು ಬರೀ ಮನೋರೋಗವೆಂದು ಭಾವಿಸುವುದುಂಟು. ಮಿದುಳು ದ್ರವದ ಪರೀಕ್ಷೆಯಿಂದ ಪ್ರತಿಕಾಯ ಪತ್ತೆಯಾಗಿ, ಕೆಲವರಲ್ಲಿ ಇದಕ್ಕೆ ಮೂಲವಾಗಿರುವ ಅಂಡಾಶಯದ ಗೆಡ್ಡೆಯನ್ನು ತೆಗೆದು, ರೋಗನಿರೋಧಕ ವ್ಯವಸ್ಥೆಯ ಈ ದಾಳಿಯನ್ನು ತಗ್ಗಿಸುವ ಚಿಕಿತ್ಸೆಯನ್ನು ತಡಮಾಡದೆ ಕೊಟ್ಟರೆ ಹೆಚ್ಚಿನವರು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ, ಏಕೆಂದರೆ ಪ್ರತಿಕಾಯ ಇಳಿದಂತೆ ಗ್ರಾಹಕಗಳು ಮತ್ತೆ ಸ್ವಸ್ಥಾನಕ್ಕೆ ಬರಬಲ್ಲವು.

ಕೊನೆಯದಾಗಿ ವರದಿಗಾರಿಕೆಯ ಕುರಿತು ಒಂದು ವಿನಂತಿ. ಸಿನಾಪ್ಸ್ ಕುರಿತ ತಿಳಿವಳಿಕೆಯ ದೊಡ್ಡ ಪಾಲು ಇಲಿ, ಮೊಲ, ಸಮುದ್ರದ ಬಸವನಹುಳುಗಳಂಥ ಪ್ರಾಣಿಗಳಿಂದ ಬಂದದ್ದು. ಜೀವಂತ ಮನುಷ್ಯರ ಮಿದುಳಿನಲ್ಲಿ ಒಂದೊಂದೇ ಸಿನಾಪ್ಸನ್ನು ನೋಡುವ ಸ್ಕ್ಯಾನಿಂಗ್ ವಿಧಾನ ಇನ್ನೂ ಇಲ್ಲ. ಆದ್ದರಿಂದ ನೆನಪು ಮರಳಿಸುವ ಔಷಧದ ಸುದ್ದಿಯನ್ನು ಪ್ರಕಟಿಸುವಾಗ, ಅದು ಇಲಿಗಳಲ್ಲಿ ಕಂಡ ಫಲಿತಾಂಶವಾಗಿದ್ದರೆ ಆ ಸಂಗತಿಯನ್ನು ಕೊನೆಯ ಪ್ಯಾರಾದಲ್ಲಿ ಹೇಳದೆ ಶೀರ್ಷಿಕೆಯಲ್ಲೇ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ