ಬೊಂಬೆಯ ಬೆನ್ನು

ಪ್ರೀತಿಯ ಪುಟ್ಟೀ,

ನೀನು ಹಾಸ್ಟೆಲಿಗೆ ಮುಟ್ಟಿದೆ ಎಂದು ಅಮ್ಮ ಹೇಳಿದಳು. ಇದನ್ನೆಲ್ಲ ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಭಾನುವಾರ ಮಂಗಳೂರಿನ ಪಾಂಡೇಶ್ವರದ ಮಾಲಿನ ಆ ಆನಿಮೆ (ಜಪಾನಿನ ಕಾರ್ಟೂನ್) ಅಂಗಡಿಯಲ್ಲಿ ನಾನು ಆಡಿದ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಗಾಜಿನ ಕಪಾಟಿನಲ್ಲಿದ್ದ ಬೊಂಬೆಯ ಬೆಲೆ 18,000 ರೂಪಾಯಿ ಎಂದು ಓದಿ, "ಪ್ಲಾಸ್ಟಿಕ್ ಬೊಂಬೆಗೆ ಇಷ್ಟು ಕೊಡುವವರಿಗೆ ತಲೆ ಸರಿ ಉಂಟಾ?" ಅಂದೆ. ಅದನ್ನು ತೆಗೆಸಿಕೊಡಿ ಎಂದು ನೀನು ಕೇಳಿಯೇ ಇರಲಿಲ್ಲ. ಬರೀ ನೋಡಲಿಕ್ಕೆಂದು ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹಿಡಿದು, ಸ್ಟೇಟ್ ಬ್ಯಾಂಕಿನಲ್ಲಿ ಇಳಿದು, ಆ ಬಿಸಿಲಿನಲ್ಲಿ ನಡೆದು ಬಂದವಳು. ಹತ್ತೇ ದಿನದ ಅಂಗಡಿ, ಅವತ್ತು ಕೊನೆಯ ದಿನ. ನನ್ನ ಮಾತಿಗೆ ನಿನ್ನ ಮುಖ ಸಣ್ಣದಾಯಿತು.

ಆದರೂ ಸಿಟ್ಟು ಮಾಡದೆ, "ಅಪ್ಪ, ಈ ಕಡೆಯಿಂದ ನೋಡಿ" ಎಂದು ಕಪಾಟಿನ ಹಿಂಬದಿಗೆ ಕರೆದೆ. ಹಾರುವ ಕೂದಲಿನ ತುದಿ ತೆಳ್ಳಗಾಗುತ್ತಾ ಬೆಳಕು ತೂರಿ ಬರುವಂತಿತ್ತು. ನಿಲುವಂಗಿಯ ಮಡಿಕೆಗಳ ಒಳಮೈಗೂ ಬೇರೆ ಬಣ್ಣದ ನೆರಳು. ಬೊಂಬೆಯ ಅಳತೆ 1/7 ಎಂದರೆ 161 ಸೆಂಟಿಮೀಟರ್ ಎತ್ತರದ ಹುಡುಗಿ 23 ಸೆಂಟಿಮೀಟರಿಗೆ ಇಳಿಯುತ್ತಾಳೆ ಎಂದು ನೀನು ಹೇಳಿದೆ. ಮೊದಲು ಶಿಲ್ಪಿ ಮೂಲರೂಪ ಮಾಡುವುದು, ಅದರಿಂದ ಅಚ್ಚು ತೆಗೆದು ಪಿವಿಸಿಯಲ್ಲಿ ಭಾಗ ಭಾಗವಾಗಿ ತಯಾರಿಸುವುದು, ಕಣ್ಣಿಗೆ ಮೆತ್ತನೆಯ ಅಚ್ಚಿನಿಂದ ಒಂದರ ಮೇಲೊಂದು ಬಣ್ಣ ಒತ್ತುವುದು, ಎಲ್ಲ ಬಿಡಿಸಿ ಹೇಳಿದೆ. ಪಕ್ಕದಲ್ಲಿದ್ದ 3,000 ರೂಪಾಯಿಯದ್ದು ಜಪಾನಿನ ಆಟದ ಅಂಗಡಿಗಳಲ್ಲಿ ಕೊಕ್ಕೆಯಿಂದ ಎತ್ತಿ ಗೆಲ್ಲುವ ಬಹುಮಾನದ ಬಗೆಯದ್ದಂತೆ. ಅದರ ಬೆನ್ನಿನಲ್ಲಿ ಬೆಸುಗೆಯ ಗೆರೆ ನನಗೂ ಕಂಡಿತು. ಮೂಲರೂಪ ಮಾಡುವ ಶಿಲ್ಪಿಯನ್ನು ಜಪಾನಿನಲ್ಲಿ ಗೆಂಕೆಯಿಶಿ ಎನ್ನುತ್ತಾರೆ, ಎಷ್ಟೋ ಡಬ್ಬಿಗಳ ಮೇಲೆ ಅವರ ಹೆಸರೂ ಇರುತ್ತದೆ ಎಂದೆಯಲ್ಲ, ಅಲ್ಲಿಗೆ ನನ್ನ ಮಾತು ನಿಂತಿತು.

ನಿನ್ನ ಅಜ್ಜ ಆಯುಷ್ಯವಿಡೀ ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಪದಕ ಕೆತ್ತಿದವರು. ಅವರ ಹೆಸರು ಯಾವ ಆಟದ ಕರಪತ್ರದಲ್ಲೂ ಬರಲಿಲ್ಲ. ಹಗುರ ಮರಕ್ಕಾಗಿ ಊರೂರು ಸುತ್ತಿ, ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸುತ್ತಿದ್ದರು. ಕಿರೀಟದ ಹಿಂಬದಿಗೂ ಸಾಲು ತಪ್ಪುತ್ತಿರಲಿಲ್ಲ. "ಎಂತಕ್ಕೆ ಅಪ್ಪಯ್ಯ, ಅದನ್ನು ಯಾರು ನೋಡ್ತಾರೆ?" ಎಂದು ಕೇಳಿದ್ದೆ, ಸಣ್ಣವನಿರುವಾಗ. "ಚೌಕಿಯಲ್ಲಿ ವೇಷ ಕಟ್ಟಿಕೊಳ್ಳುವವ ನೋಡ್ತಾನಲ್ಲ" ಅಂದಿದ್ದರು. ಅವರ ಮಗನಾಗಿ ನಾನು ಬೆಲೆಯ ಚೀಟಿಯನ್ನು ಮೊದಲು ಓದಬಾರದಿತ್ತು, ಮಗಾ.

ಒಂದು ವಿಷಯ ಮಾತ್ರ ನನಗೆ ಈಗಲೂ ಒಪ್ಪಿಗೆಯಿಲ್ಲ. ಒಳಗೆ ಯಾವ ಪಾತ್ರ ಇದೆ ಎಂದು ತಿಳಿಸದೆ ಮಾರುವ ಆ ಡಬ್ಬಿಗಳು. ಬೇಕಾದ್ದು ಸಿಗುವ ತನಕ ಮಕ್ಕಳು ಕೊಳ್ಳುತ್ತಲೇ ಇರಲಿ ಎಂಬ ಲೆಕ್ಕ ಅದು. ನಮ್ಮ ಮುಂದಿದ್ದ ಹುಡುಗ ಆರು ಡಬ್ಬಿ ಒಡೆದ. ನೀನು ಒಂದೇ ಕೊಂಡೆ, ಬಂದದ್ದು ನಿನಗೆ ಬೇಡದ್ದು. ಆಮೇಲೆ ಸಾಲಿನಲ್ಲಿದ್ದ, ಗುರುತು ಪರಿಚಯ ಇಲ್ಲದ ಹುಡುಗಿಯ ಹತ್ತಿರ ಹೋಗಿ ಬದಲಿಸಿಕೊಂಡು, ಅಲ್ಲೇ ಅರ್ಧ ಗಂಟೆ ಮಾತಾಡಿದೆ. ಮದುವೆಮನೆಯಲ್ಲಿ ನೆಂಟರ ಎದುರೂ ಬಾಯಿ ಬಿಡದವಳು ಕೈ ಆಡಿಸುತ್ತಾ ಕಥೆ ಹೇಳುವುದನ್ನು ದೂರದ ಬೆಂಚಿನಿಂದ ನೋಡುತ್ತಿದ್ದೆ. ಇನ್ನೂ ಅರ್ಧ ಗಂಟೆ ನೀವು ಮಾತಾಡಿದ್ದರೂ ನಾನು ಕೂತಿರುತ್ತಿದ್ದೆ.

ಕಾಲೇಜಿನ ಕಾಸ್‌ಪ್ಲೇಗೆ, ಅಂದರೆ ಆ ಕಥೆಗಳ ಪಾತ್ರದ ವೇಷ ಹಾಕುವುದಕ್ಕೆ, ಫೋಮ್ ಶೀಟಿನಲ್ಲಿ ಭುಜದ ಕವಚ ಮಾಡಬೇಕು ಎಂದು ವಾಪಸು ಬರುವಾಗ ನೀನು ಹೇಳಿದ್ದೆ. ಮೂಲ್ಕಿ ದಾಟುವವರೆಗೂ ನಾನು ಉತ್ತರ ಕೊಡಲಿಲ್ಲ, ನೀನೂ ಮತ್ತೆ ಎತ್ತಲಿಲ್ಲ. ನಿನ್ನೆ ಅಟ್ಟದಿಂದ ಅಜ್ಜನ ಉಳಿಗಳನ್ನು ಇಳಿಸಿ ಎಣ್ಣೆ ಹಚ್ಚಿಟ್ಟೆ. ಫೋಮಿನ ಕೆಲಸ ನಿನಗೆ ಗೊತ್ತು. ಹೆಗಲಿಗೆ ಭಾರ ಬೀಳದ ಹಾಗೆ, ಕುಣಿದರೂ ಜಾರದ ಹಾಗೆ ದಾರ ಎಲ್ಲೆಲ್ಲಿ ಕಟ್ಟಬೇಕು ಎಂಬುದು ನನಗೆ ಗೊತ್ತು. ಆ ಪಾತ್ರದ ಚಿತ್ರ ಕಳಿಸು, ಎದುರಿನದ್ದೂ ಬೆನ್ನಿನದ್ದೂ. ಕುತ್ತಿಗೆಯ ಬುಡದಿಂದ ಭುಜದ ಅಂಚಿಗೆ ಎಷ್ಟು ಇಂಚು ಎಂದು ಟೇಪಿನಲ್ಲಿ ಅಳೆದು ಬರೆ.

ನಿನ್ನ ಅಪ್ಪ